ಕಾಲಲ್ಲಿ ಮೂಡಿದ ರೆಕ್ಕೆ

ಈ ಕೋಳಿಯ ಚೆಲುವು ತಿಳಿಯಬೇಕಾದರೆ ಮೊದಲು ಅದರ ಒಂದೇ ಒಂದು ಗರಿಯನ್ನು ಬೆರಳ ನಡುವೆ ಹಿಡಿದು ಬೆಳಕಿಗೆ ತಿರುಗಿಸಿ ನೋಡಬೇಕು. ಬುಡದ ಬೂದು ನವಿರು ದಾಟಿದರೆ ಕಿತ್ತಳೆಗೂ ಇಟ್ಟಿಗೆಗೂ ನಡುವಿನ ಹೊಂಗೆಂಪು. ಅದರಾಚೆ ಅರ್ಧಚಂದ್ರಾಕಾರದ ಕಪ್ಪು ಪಟ್ಟಿ. ಬಿಸಿಲಿಗೆ ಓರೆಯಾದರೆ ಆ ಕಪ್ಪಿನೊಳಗಿಂದ ಹಸಿರು ಮಿಂಚುತ್ತದೆ. ತುತ್ತತುದಿಯಲ್ಲಿ ಬಿಳಿ ಬೊಟ್ಟು. ಇಂಥ ಗರಿಗಳು ಒಂದರ ಮೇಲೊಂದು ಹಾಸಿಕೊಂಡು ಒಂದು ಕಿಲೋ ಕೂಡ ತೂಗದ ಮೈಯನ್ನು ಮುಚ್ಚಿದಾಗ ಆಗುವುದೇ ‘ಮಿಲ್ ಫ್ಲರ್’ ಬಣ್ಣ. ಸಾವಿರ ಹೂ ಎಂದು ಹೆಸರಿಟ್ಟವರು ಉತ್ಪ್ರೇಕ್ಷೆ ಮಾಡಲಿಲ್ಲ.

ಕೋಳಿಯ ಹೆಸರು ಬಾರ್ಬು ದ್ಯುಕ್ಲ್. ಬ್ರಸೆಲ್ಸ್ ನಗರದ ದಕ್ಷಿಣಕ್ಕೆ ಅಂಟಿಕೊಂಡಿರುವ ಉಕ್ಲ್ ಇದರ ತವರು. 20ನೆಯ ಶತಮಾನದ ಆರಂಭದಲ್ಲಿ ಅಲ್ಲಿ ಮಿಷೆಲ್ ವಾನ್ ಗೆಲ್ಡರ್ ಎಂಬ ಕೋಳಿಪ್ರಿಯ ಎರಡು ಪುಟ್ಟ ತಳಿಗಳನ್ನು ಕೂಡಿಸಿ ಇದನ್ನು ರೂಪಿಸಿದ. ಒಂದು ಹಾಲೆಂಡಿನ ಸಾಬೆಲ್‌ಪೋಟ್: ಕಾಲ್ತುಂಬ ಗರಿ, ಒಂಟಿ ಜುಟ್ಟು, ಗಡ್ಡವಿಲ್ಲ. ಇನ್ನೊಂದು ಆಂಟ್‌ವರ್ಪಿನ ಗಡ್ಡದ ಕೋಳಿ. ಅದರದು ಬೋಳುಕಾಲು, ಜುಟ್ಟೂ ಬೇರೆ ಬಗೆಯದು. ವಾನ್ ಗೆಲ್ಡರ್ ಒಂದರ ಕಾಲನ್ನೂ ಜುಟ್ಟನ್ನೂ ಇಟ್ಟುಕೊಂಡು ಇನ್ನೊಂದರ ಗಡ್ಡವನ್ನು ತಂದು ಕೂರಿಸಿದ. ಹೀಗೆ ಆಯ್ದು ಜೋಡಿಸಿದ್ದೆಂದು ನೋಡಿದವರಿಗೆ ಅನ್ನಿಸುವುದೇ ಇಲ್ಲ. ಹುಟ್ಟಿನಿಂದಲೇ ಹೀಗಿತ್ತೇನೋ ಎಂಬ ಠೀವಿ ಹುಂಜಕ್ಕಿದೆ. 1914ರ ಹೊತ್ತಿಗೆ ಅಮೆರಿಕದ ಕೋಳಿ ಸಾಕಣೆಗಾರರ ಸಂಘವೂ ಈ ಬಣ್ಣವನ್ನು ತನ್ನ ಮಾನದಂಡದ ಪುಸ್ತಕಕ್ಕೆ ಸೇರಿಸಿಕೊಂಡಿತು.

ಇದನ್ನೇ ತೆಳುವಾಗಿಸಿದ ‘ಪಿಂಗಾಣಿ’ ಬಣ್ಣವೂ ಉಂಟು. ಹೊಂಗೆಂಪಿನ ಜಾಗದಲ್ಲಿ ಒಣಹುಲ್ಲಿನ ಬಣ್ಣ, ಕಪ್ಪಿನ ಜಾಗದಲ್ಲಿ ಮಬ್ಬುನೀಲಿ. ಹಲವರು ಅದಕ್ಕೆ ಮನಸೋಲುತ್ತಾರೆ. ನನಗೇಕೋ ಅದು ಒಗೆದೊಗೆದು ಬಣ್ಣ ಬಿಟ್ಟಂತೆ ಕಾಣುತ್ತದೆ.

ಇನ್ನು ಕಾಲು. ನಮ್ಮ ನಾಟಿ ಕೋಳಿಯ ಕಾಲನ್ನು ಬಲ್ಲವರಿಗೆ, ಹುರುಪೆ ಹುರುಪೆಯಾದ ಆ ಬರಿಗಾಲಿನ ಜಾಗದಲ್ಲಿ ಇದೇನು ಎಂದು ಬೆರಗಾಗಬೇಕು. ಕಾಲಿನ ಹೊರಮಗ್ಗುಲಿನಿಂದಲೂ ಹೊರಬೆರಳುಗಳಿಂದಲೂ ಉದ್ದನೆಯ ಗಟ್ಟಿ ಗರಿಗಳು ಪಕ್ಕಕ್ಕೆ ಚಾಚಿರುತ್ತವೆ. ಮೇಲೆ, ಮೊಣಕಾಲೆಂದು ನಾವು ತಪ್ಪಾಗಿ ಕರೆಯುವ ಹಿಮ್ಮಡಿಯ ಗಂಟಿನಿಂದ, ಇನ್ನೊಂದು ಗೊಂಚಲು ಹಿಂದಕ್ಕೆ ಇಳಿಬಿದ್ದಿರುತ್ತದೆ. ಅದನ್ನು ರಣಹದ್ದಿನ ಹಿಮ್ಮಡಿ ಎನ್ನುತ್ತಾರೆ. ಕೊಚ್ಚಿನ್ ಎಂಬ ಇನ್ನೊಂದು ತಳಿಗೆ ಅದು ಬಂದರೆ ದೋಷ. ಇದಕ್ಕೆ ಬರದಿದ್ದರೆ ದೋಷ. ಸೌಂದರ್ಯದ ಕಾನೂನು ಊರೂರಿಗೆ ಬೇರೆ. ಮಳೆ ನಿಂತ ಬೀದಿಯಲ್ಲಿ ಪಂಚೆ ನೆನೆಯದಂತೆ ಒಂದೊಂದೇ ಹೆಜ್ಜೆ ಎತ್ತಿಡುವ ಯಜಮಾನರ ಹಾಗೆ ನಡೆಯುತ್ತದೆ ಹುಂಜ. ಕೆದಕುವುದೂ ಹಾಗೆಯೇ, ಮುಲಾಜಿನಿಂದ. ಹೂವಿನ ಮಡಿಗೆ ಇವು ಮಾಡುವ ಹಾನಿ ಬೋಳುಗಾಲಿನ ಕೋಳಿಗಿಂತ ಕಡಿಮೆ.

ಇಲ್ಲಿ ಚಾರ್ಲ್ಸ್ ಡಾರ್ವಿನ್ ನೆನಪಾಗುತ್ತಾನೆ. ಸಾಕುಪ್ರಾಣಿಗಳ ವೈವಿಧ್ಯದ ಬಗ್ಗೆ 1868ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆತ ಕಾಲ್ಗರಿಯ ಬ್ಯಾಂಟಮ್ ಎಂಬ ಪುಟ್ಟ ಕೋಳಿಗಳನ್ನು ಬಿಡದೆ ಹೆಸರಿಸುತ್ತಾನೆ. ಕಾಲಿನ ಗರಿ ರೆಕ್ಕೆಯ ಗರಿಗಿಂತ ಉದ್ದವಾದದ್ದುಂಟು, ಒಂದು ಕೋಳಿಯಲ್ಲಂತೂ ಒಂಬತ್ತೂವರೆ ಇಂಚು ಬೆಳೆದಿತ್ತು ಎಂದು ನಂಬಿಗಸ್ತ ಸಾಕಣೆಗಾರನೊಬ್ಬನ ಮಾತನ್ನು ಆಶ್ಚರ್ಯಚಿಹ್ನೆ ಹಾಕಿ ದಾಖಲಿಸುತ್ತಾನೆ. ಮುಂಗಾಲಿಗೂ, ಅಂದರೆ ಹಕ್ಕಿಯ ರೆಕ್ಕೆಗೂ, ಹಿಂಗಾಲಿಗೂ ಏನೋ ಒಳನಂಟು ಇದೆಯೆಂಬ ಅವನ ಊಹೆಗೆ ಉತ್ತರ ಸಿಕ್ಕಿದ್ದು ನಮ್ಮ ಕಾಲದಲ್ಲಿ. ಭ್ರೂಣದಲ್ಲಿ ‘ಇದು ರೆಕ್ಕೆಯಾಗಲಿ’ ಎನ್ನುವ ಟಿಬಿಎಕ್ಸ್5 ಎಂಬ ಜೀನ್ ಒಂದಿದೆ; ‘ಇದು ಕಾಲಾಗಲಿ’ ಎನ್ನುವುದು ಪಿಟ್‌ಎಕ್ಸ್1. ಗರಿಗಾಲಿನ ಕೋಳಿಗಳಲ್ಲಿ ಮೊದಲನೆಯದು ತನಗೆ ಸಂಬಂಧವಿಲ್ಲದ ಕಾಲಿನಲ್ಲೂ ಎಚ್ಚರಗೊಳ್ಳುತ್ತದೆ. ಪಾರಿವಾಳಗಳಲ್ಲೂ ಇದೇ ಕಥೆ. ಅಂದರೆ ಅದು ಅಲಂಕಾರಕ್ಕೆ ತೊಟ್ಟ ಬೂಟಲ್ಲ. ಕಾಲು ಅರೆಬರೆ ರೆಕ್ಕೆಯಾಗಲು ಹೊರಟದ್ದರ ಗುರುತು. ಇದು ತಿಳಿದ ಮೇಲೆ ಆ ನಡಿಗೆಯನ್ನು ಮೊದಲಿನ ಕಣ್ಣಿನಿಂದ ನೋಡಲು ನನಗೆ ಆಗಿಲ್ಲ.

ಇಂಥ ಕಾಲನ್ನು ಸಾಕುವುದು ಸಸಾರವಲ್ಲ. ಕೆಸರು ಇವಕ್ಕೆ ಶತ್ರು. ಮಣ್ಣು ಗರಿಗೆ ಮೆತ್ತಿ ಉಂಡೆಗಟ್ಟಿದರೆ ಬೆರಳು ಆಡದು. ಆದ್ದರಿಂದ ಒಣ ಮರಳು, ಮರದ ಹೊಟ್ಟು, ಮೇಲೊಂದು ಸೂರು ಬೇಕು. ಹೊಸದಾಗಿ ಹುಟ್ಟುವ ಗರಿಯ ಕೊಳವೆಯಲ್ಲಿ ರಕ್ತವಿರುತ್ತದೆ, ಮುರಿದರೆ ಸುರಿಯುತ್ತದೆ. ಹುರುಪೆಯಡಿ ಸೇರುವ ನುಸಿ ಗರಿಯ ಮರೆಯಲ್ಲಿ ಕಣ್ಣಿಗೇ ಬೀಳದು. ವಾರಕ್ಕೊಮ್ಮೆಯಾದರೂ ಕೋಳಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಗರಿ ಬಿಡಿಸಿ ನೋಡಬೇಕು. ಕುಡಿಯುವ ಬಟ್ಟಲಿನ ಬಾಯಿ ಕಿರಿದಾಗಿರಬೇಕು, ಇಲ್ಲದಿದ್ದರೆ ಗಡ್ಡ ನೆನೆದು ತೊಪ್ಪೆ. ಇಷ್ಟೆಲ್ಲ ಮುಟ್ಟಿಸಿಕೊಂಡು ಬೆಳೆಯುವುದರಿಂದಲೋ ಏನೋ, ಹೇಂಟೆಗಳು ಕರೆದರೆ ಬಂದು ಮೊಣಕೈ ಮೇಲೆ ಕೂತುಬಿಡುತ್ತವೆ. ಮೊಟ್ಟೆಯ ಲೆಕ್ಕ ಹಾಕುವವರು ಈ ಕಡೆ ಬರಬಾರದು. ಪೇಟೆಯ ಒಂದು ಮೊಟ್ಟೆಗೆ ಇವುಗಳ ಎರಡು ಬೇಕು, ಅದೂ ಹೇಂಟೆ ಕಾವಿಗೆ ಕೂರುವ ಹಟ ಬಿಟ್ಟಾಗ.

ನನ್ನನ್ನು ಹೆಚ್ಚು ಹಿಡಿದಿಡುವುದು ಮಾತ್ರ ಬಣ್ಣದ ನಿಧಾನ. ಎಳೆಯ ಕೋಳಿಯಲ್ಲಿ ಬಿಳಿ ಬೊಟ್ಟುಗಳು ವಿರಳ, ಸಣ್ಣವು. ವರ್ಷಕ್ಕೊಮ್ಮೆ ಗರಿ ಉದುರಿ ಹೊಸದು ಬರುವಾಗ ಬಿಳಿ ಒಂದಿಷ್ಟು ಹಿಗ್ಗುತ್ತದೆ, ಮುಂದಿನ ವರ್ಷ ಇನ್ನಷ್ಟು. ವಯಸ್ಸಾದ ಹೇಂಟೆಯ ಮೈಯಲ್ಲಿ ಬಿಳಿಯೇ ಮುಂದಾಗಿ ಹೊಂಗೆಂಪು ಹಿಂದೆ ಸರಿಯುತ್ತದೆ. ಹಾಗಾಗಿ ಮೊದಲ ವರ್ಷದ ಅರೆಬರೆ ಚುಕ್ಕೆ ಕಂಡು ಮರಿಯನ್ನು ಮಾರಿಬಿಡುವವನು ದುಡುಕಿನವನೇ ಸರಿ. ಎರಡನೆಯ ಸಲ ಗರಿ ಬಂದ ಮೇಲೆ ಕಪ್ಪು, ಕೆಂಪು, ಬಿಳಿ ಮೂರೂ ಸರಿಸಮ ತೂಗುವ ಹೊತ್ತು ನನಗೆ ಇಷ್ಟ. ಮುದಿ ಹೇಂಟೆಯ ಬಿಳಿಯನ್ನೇ ಮೆಚ್ಚುವವರೂ ಇದ್ದಾರೆ, ಅವರೊಡನೆ ನನ್ನ ಜಗಳವಿಲ್ಲ. ಕಾಲಿನ ಗರಿ ಮಾತ್ರ ಯಾವ ವರ್ಷಕ್ಕೂ ಕಾಯುವುದಿಲ್ಲ: ಮೊಟ್ಟೆ ಒಡೆದು ಹೊರಬಂದ ಒದ್ದೆ ಮರಿ ಒಣಗಿ ಎದ್ದು ನಿಂತಾಗಲೇ ಅದರ ಹೊರಬೆರಳಿನವರೆಗೂ ನವಿರು ಇಳಿದಿರುತ್ತದೆ.