ಏಳು ಮಡಿಕೆಯ ‘ನಿಯಮ’

ಕಾಗದವನ್ನು ಏಳು ಸಲಕ್ಕಿಂತ ಹೆಚ್ಚು ಮಡಚಲಾಗದು ಎಂಬ ಮಾತನ್ನು ನೀವು ತರಗತಿಯಲ್ಲಿ ಹೇಳಿರಬಹುದು, ಇಲ್ಲವೇ ಕೇಳಿರಬಹುದು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ಈ ಪ್ರಯೋಗವನ್ನು ನಾನು ಹಲವು ಸಲ ನೋಡಿದ್ದೇನೆ. ಪ್ರಯೋಗ ಒಳ್ಳೆಯದೇ. ಅದರ ಕೆಳಗೆ ಬರೆದಿರುವ ‘ನಿಯಮ’ ಮಾತ್ರ ತಪ್ಪು.

ಅಂಥದೊಂದು ಪ್ರದರ್ಶನದಲ್ಲಿ ಹುಡುಗಿಯೊಬ್ಬಳು ಬಸ್ ಟಿಕೆಟ್ ಯಂತ್ರದ ಕಾಗದದ ಸುರುಳಿಯಿಂದ ಆರು ಮೀಟರ್ ಕತ್ತರಿಸಿ ತಂದು, ಪ್ರತಿ ಸಲವೂ ಉದ್ದವನ್ನೇ ಅರ್ಧ ಮಾಡುತ್ತಾ ಎಂಟು ಮಡಿಕೆ ಹಾಕಿ ತೋರಿಸಿದಳು. ‘ಪಠ್ಯಕ್ಕೆ ವಿರುದ್ಧ’ ಎಂದು ಅವಳ ಅಂಕ ಕಳೆದ ತೀರ್ಪುಗಾರರಲ್ಲಿ ನಾನೂ ಒಬ್ಬ. ಯಾವ ಪಠ್ಯ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ.

ಮಡಿಕೆ ಏಕೆ ನಿಲ್ಲುತ್ತದೆ? ಪ್ರತಿ ಸಲವೂ ಪದರಗಳು ಇಮ್ಮಡಿಯಾಗುತ್ತವೆ. 7 ಮಡಿಕೆಗೆ 128. ಹೊರಗಿನ ಪದರ ಒಳಗಿನವನ್ನೆಲ್ಲ ಬಳಸಿ ಬರಬೇಕಾದ್ದರಿಂದ ತಿರುವಿನಲ್ಲೇ ಬಹಳಷ್ಟು ಕಾಗದ ಖರ್ಚಾಗುತ್ತದೆ. ಅಮೆರಿಕದಲ್ಲಿ ಪ್ರೌಢಶಾಲೆ ಓದುತ್ತಿದ್ದ ಬ್ರಿಟ್ನಿ ಗ್ಯಾಲಿವನ್ ಈ ಖರ್ಚಿನ ಲೆಕ್ಕ ಹಾಕಿ ಸೂತ್ರ ಕೊಟ್ಟರು. 2002ರಲ್ಲಿ ಸುಮಾರು 1.2 ಕಿಲೋಮೀಟರ್ ಉದ್ದದ ತೆಳು ಕಾಗದವನ್ನು 12 ಸಲ ಮಡಚಿದರು. ಆ ಸೂತ್ರದ ಪ್ರಕಾರ 0.1 ಮಿ.ಮೀ. ದಪ್ಪದ ಕಾಗದವನ್ನು ಒಂದೇ ದಿಕ್ಕಿನಲ್ಲಿ 6 ಸಲ ಮಡಚಲು ಕನಿಷ್ಠ 22 ಸೆಂ.ಮೀ., 7 ಸಲಕ್ಕೆ 88 ಸೆಂ.ಮೀ., 8ಕ್ಕೆ ಸುಮಾರು ಮೂರೂವರೆ ಮೀಟರ್ ಉದ್ದ ಬೇಕು. ಬರೆಯುವ ಹಾಳೆ ಆರರಲ್ಲಿ ಸೋಲುವುದು ಅದು ಗಿಡ್ಡವಾಗಿರುವುದರಿಂದ.

42 ಸಲ ಮಡಚಿದರೆ ಚಂದ್ರನನ್ನು ಮುಟ್ಟಬಹುದು ಎಂಬ ಜನಪ್ರಿಯ ಲೆಕ್ಕವೂ ಹೀಗೇ ಅರ್ಧ. ದಪ್ಪವೇನೋ 4.4 ಲಕ್ಷ ಕಿ.ಮೀ. ಆಗುತ್ತದೆ, ಗುಣಾಕಾರ ಸರಿ. ಆದರೆ ಅದಕ್ಕೆ ಬೇಕಾದ ಕಾಗದದ ಉದ್ದ ಒಂದು ಲಕ್ಷ ಜ್ಯೋತಿರ್ವರ್ಷಕ್ಕೂ ಮಿಗಿಲು! ಹೆಚ್ಚುಕಡಿಮೆ ನಮ್ಮ ಕ್ಷೀರಪಥದ ವ್ಯಾಸದಷ್ಟು. ಇದನ್ನು ಹೇಳಿದರೆ ಮಕ್ಕಳು ಇನ್ನೂ ಹೆಚ್ಚು ಬೆರಗಾಗುತ್ತಾರೆ.

ದಪ್ಪ, ಉದ್ದಗಳಷ್ಟೇ ಅಲ್ಲ, ವಸ್ತುವಿನ ಗುಣವನ್ನೂ ನಾವು ಬಿಟ್ಟುಬಿಡುತ್ತೇವೆ. ಮಡಚಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಚನ್ನಗಿರಿಯ ತೋಟದಲ್ಲಿ ಬಿದ್ದು ಒಣಗಿದ ಅಡಿಕೆ ಹಾಳೆಯನ್ನು ಮಡಚಿ ನೋಡಿ, ಸೀಳುತ್ತದೆ. ನೀರಿನಲ್ಲಿ ನೆನೆಸಿದರೆ ಅದೇ ಹಾಳೆ ಬಾಗುತ್ತದೆ, ಏಕೆಂದರೆ ನೆನೆದ ನಾರುಗಳ ಬಿಗಿ ಸಡಿಲುತ್ತದೆ. ಪೆಟ್ಟಿಗೆಯಲ್ಲಿಟ್ಟ ಜರಿ ಸೀರೆಯ ಮಡಿಕೆಯನ್ನು ಅಜ್ಜಿಯರು ಆಗಾಗ ಬದಲಿಸುತ್ತಿದ್ದುದೂ ಸುಮ್ಮನೆ ಅಲ್ಲ. ಒಂದೇ ಗೆರೆಯಲ್ಲಿ ಮತ್ತೆ ಮತ್ತೆ ಬಾಗಿದ ಲೋಹ ದಣಿದು ಮುರಿಯುತ್ತದೆ. ಕಂಬಳಿಗೆ ಈ ಕಾಟ ಕಡಿಮೆ.

ಮಡಿಕೆಯ ವಿಷಯದಲ್ಲಿ ಅವಸರದ ‘ಆಗದು’ ಹೊಸದೇನಲ್ಲ. 1893ರಲ್ಲಿ ಮದರಾಸಿನಿಂದ ಹೊರಬಂದ ಟಿ. ಸುಂದರ ರಾವ್ ಅವರ ಕಾಗದ ಮಡಿಕೆಯ ಜ್ಯಾಮಿತಿ ಪುಸ್ತಕ ಇಂದಿಗೂ ಅಧ್ಯಾಪಕರು ಓದಬೇಕಾದದ್ದು. ಆದರೆ ಮಡಿಕೆಯಿಂದ ಘನಮೂಲ ರಚಿಸಲಾಗದು ಎಂಬ ಧ್ವನಿ ಅದರಲ್ಲಿದೆ. ಎರಡು ಬಿಂದುಗಳನ್ನು ಒಂದೇ ಮಡಿಕೆಯಿಂದ ಎರಡು ರೇಖೆಗಳ ಮೇಲೆ ಕೂರಿಸಿದರೆ ಅದು ಸಾಧ್ಯವೆಂದು 1936ರಲ್ಲಿ ಇಟಲಿಯ ಮಾರ್ಗರಿಟಾ ಬೆಲೋಕ್ ತೋರಿಸಿದರು.

ಆ ಹುಡುಗಿಯ ಕಾಗದದ ದಪ್ಪವನ್ನು ನಾವು ಅಳೆಯಲೇ ಇಲ್ಲ. 256 ಪದರಗಳ ಕಟ್ಟು ಮೇಜಿನ ಮೇಲೇ ಇತ್ತು. ಅದನ್ನು ಒತ್ತಿ ಹಿಡಿದು, ಸ್ಕೇಲಿನಿಂದ ಅಳೆದು, 256ರಿಂದ ಭಾಗಿಸಿದ್ದರೆ ಸಾಕಿತ್ತು.