ಮೂಲದವರು ಸುಮ್ಮನಾದ ಮೇಲೂ

ಲಿನಕ್ಸ್‌ನಲ್ಲಿ ‘ದೇವದುರ್ಗ’ ಎಂದು ಟೈಪ್ ಮಾಡಿ ನೋಡಿ. ಕಂಪ್ಯೂಟರಿನ ಒಳಗೆ ರಕಾರ ಮೊದಲು, ಗಕಾರ ಆಮೇಲೆ. ಪರದೆಯ ಮೇಲೆ ಗಕಾರ ಮುಂದೆ ಬಂದು, ಅರ್ಕಾವತ್ತು ಅದರ ಬಲಕ್ಕೆ ಕೂರುತ್ತದೆ. ‘ಮಾನ್ವಿ’ಯಲ್ಲಿ ಗುಡಿಸು ನಕಾರದ ತಲೆಗೇರಿ, ವಕಾರ ಒತ್ತಾಗಿ ಕೆಳಗಿಳಿಯುತ್ತದೆ. ಈ ನಿಯಮಗಳಲ್ಲಿ ಹಲವು ಫಾಂಟಿನೊಳಗೇ ಇರುತ್ತವೆ.

1993ರಲ್ಲಿ ಶುರುವಾದ ಲಿನಕ್ಸ್ ವಿತರಣೆಯಾದ ಡೆಬಿಯನ್‌ನಲ್ಲಿ ಕೇದಗೆ, ಮಲ್ಲಿಗೆ, ಗುಬ್ಬಿ, ನವಿಲು ಫಾಂಟ್‌ಗಳು ಪ್ಯಾಕೇಜುಗಳಾಗಿ ಸಿಗುತ್ತವೆ. ಒಂದೇ ಆಜ್ಞೆ ಕೊಟ್ಟರೆ ರಾಯಚೂರಿನ ಹಳೆಯ ಕಂಪ್ಯೂಟರಿಗೂ ಇಳಿಯುತ್ತವೆ. ಇದರ ಹಿಂದಿರುವ ಪ್ಯಾಕೇಜ್ ನಿರ್ವಾಹಕರ ಕೈಚಳಕ ನನಗೆ ಬಲು ಇಷ್ಟ.

ತಂತ್ರಾಂಶ ಬರೆದವರು ಪತ್ರಕ್ಕೆ ಉತ್ತರಿಸದಿದ್ದರೂ ಇವರ ಕೆಲಸ ನಿಲ್ಲುವುದಿಲ್ಲ. ಮೂಲ ಕಡತ ಬಂದಂತೆಯೇ ಇರುತ್ತದೆ. ಪ್ರತಿ ತಿದ್ದುಪಡಿಯೂ ಬೇರೆ ಪ್ಯಾಚ್. ಪ್ಯಾಚಿನ ತಲೆಯಲ್ಲಿ ಯಾರು, ಏಕೆ ತಿದ್ದಿದರೆಂಬ ವಿವರ. ‘ಸೀರೀಸ್’ ಎಂಬ ಪುಟ್ಟ ಕಡತದಲ್ಲಿ ಅವುಗಳ ಸರದಿ. ಹೊಲಿಗೆ ಬಿಚ್ಚಿದರೆ ಬಟ್ಟೆ ಮೊದಲಿನಂತೆಯೇ! ಯಾವ ಕಡತ ಯಾರದು, ಪರವಾನಗಿ ಯಾವುದು ಎಂಬುದನ್ನೂ ಒಂದೊಂದಾಗಿ ಬರೆದಿಡುತ್ತಾರೆ. ಮೂಲದವರು ನಾಳೆ ಮರಳಿದರೆ ತಿದ್ದುಪಡಿಗಳನ್ನು ಹಾಗೇ ಎತ್ತಿಕೊಳ್ಳಬಹುದು.

ಬೇರೆಯವರ ಕೆಲಸವನ್ನು ಇಷ್ಟು ಮರ್ಯಾದೆಯಿಂದ ಕಾಯುವ ಈ ಸ್ವಯಂಸೇವಕರಿಗೆ ಕನ್ನಡ ಓದುವ ಪ್ರತಿಯೊಬ್ಬರ ಶಹಬ್ಬಾಸ್ ಸಲ್ಲಬೇಕು.