ಘಟಶ್ರಾದ್ಧ ಮತ್ತು ಫಣಿಯಮ್ಮ: ಒಂದು ತುಲನೆ



ಸಿನಿಮಾ ನೋಡುವುದು ಕಾಲಹರಣವೆಂಬ ಭಾವನೆ ಮಠದ ಪರಿಸರದಲ್ಲಿ ಬೆಳೆದ ನಮ್ಮಲ್ಲಿ ಅನೇಕರಿಗುಂಟು. ಆದರೆ ಅಂತರಂಗವನ್ನು ಕಲಕುವ ಚಿತ್ರವು ಸದ್ಗ್ರಂಥಕ್ಕೆ ಸಮಾನವೇ ಸರಿ. ಅಂತಹ ಎರಡು ಕನ್ನಡ ಚಿತ್ರಗಳನ್ನು ತೂಗಿ ನೋಡಿ, ಯಾವುದು ಮಿಗಿಲೆಂದು ನಿರ್ಣಯಿಸುವುದು ಈ ಲೇಖನದ ಉದ್ದೇಶ. ಒಂದು, ಯು. ಆರ್. ಅನಂತಮೂರ್ತಿಯವರ ಕಥೆಯನ್ನಾಧರಿಸಿ ಗಿರೀಶ ಕಾಸರವಳ್ಳಿಯವರು 1977ರಲ್ಲಿ ನಿರ್ದೇಶಿಸಿದ 'ಘಟಶ್ರಾದ್ಧ'. ಇನ್ನೊಂದು, ಎಂ. ಕೆ. ಇಂದಿರಾ ಅವರ ಕಾದಂಬರಿಯನ್ನಾಧರಿಸಿ ಪ್ರೇಮಾ ಕಾರಂತರು ನಿರ್ದೇಶಿಸಿದ, 1983ರಲ್ಲಿ ತೆರೆಕಂಡ 'ಫಣಿಯಮ್ಮ'. ಮೊದಲನೆಯದಕ್ಕೆ ಸ್ವರ್ಣಕಮಲವೂ ಎರಡನೆಯದಕ್ಕೆ ಶ್ರೇಷ್ಠ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಸಂದಿವೆ. ಎರಡೂ ಮಲೆನಾಡಿನ ಬ್ರಾಹ್ಮಣ ವಿಧವೆಯರ ಕಥೆಗಳು.

'ಘಟಶ್ರಾದ್ಧ' ಎಲ್ಲವನ್ನೂ ನಾಣಿ ಎಂಬ ಬಾಲಕನ ಕಣ್ಣಿನಿಂದ ಕಾಣಿಸುತ್ತದೆ. ವೇದಾಧ್ಯಯನಕ್ಕೆಂದು ಅವನು ಉಡುಪರ ಪಾಠಶಾಲೆಗೆ ಬರುತ್ತಾನೆ. ಹಿರಿಯ ವಿದ್ಯಾರ್ಥಿಗಳ ಕಾಟಕ್ಕೆ ಬೆದರಿದ ಆ ಮಗುವಿಗೆ ಗುರುಗಳ ವಿಧವೆ ಮಗಳಾದ ಯಮುನೆಯೇ ತಾಯಿಯಾಗುತ್ತಾಳೆ. ಎಳವೆಯಲ್ಲೇ ಮನೆಯನ್ನಗಲಿ ಮಠದ ಪ್ರಸಾದನಿಲಯವನ್ನು ಸೇರಿದ ನೀವು ನಾಣಿಯ ಆ ದಿನಗಳನ್ನು ಬಲ್ಲಿರಿ. ಶಾಲೆಯ ಉಪಾಧ್ಯಾಯನಿಂದ ಯಮುನೆ ಗರ್ಭಿಣಿಯಾದಾಗ ಅವಳನ್ನು ಕಾಯಲು ಹೆಣಗುವವನು ಈ ಬಾಲಕನೊಬ್ಬನೇ. ಬದುಕಿರುವ ಮಗಳಿಗೆ ತಂದೆಯೇ ಘಟವನ್ನೊಡೆದು ಶ್ರಾದ್ಧ ಮಾಡುತ್ತಾನೆ. ಕೊನೆಗೆ, ತಲೆ ಬೋಳಾಗಿ ಒಂಟಿಯಾಗಿ ಕುಳಿತ ಅವಳನ್ನು ಹಿಂದೆ ಬಿಟ್ಟು ನಾಣಿ ತನ್ನ ತಂದೆಯೊಡನೆ ಊರಿನ ದಾರಿ ಹಿಡಿಯುತ್ತಾನೆ.

ಫಣಿಯಮ್ಮನದು ಬೇರೆ ಹಾದಿ. ಬಾಲ್ಯದಲ್ಲೇ ವಿಧವೆಯಾಗಿ, ಮಡಿಯ ಕಟ್ಟಳೆಗಳನ್ನೆಲ್ಲ ಮೌನವಾಗಿ ಪಾಲಿಸಿದವಳು ಆಕೆ. ಆದರೆ ಅಸ್ಪೃಶ್ಯಳೆನಿಸಿದ ಹೆಣ್ಣೊಬ್ಬಳು ಹೆರಿಗೆಯ ನೋವಿನಲ್ಲಿ ನರಳುವಾಗ ಹೋಗಿ ಮಗುವನ್ನು ಈ ಲೋಕಕ್ಕೆ ಕರೆತರುತ್ತಾಳೆ. ತಲೆ ಬೋಳಿಸಿಕೊಳ್ಳಲೊಲ್ಲದ ತರುಣ ವಿಧವೆ ದಾಕ್ಷಾಯಿಣಿಯ ಪರವಾಗಿ ನಿಲ್ಲುತ್ತಾಳೆ. ಎಲ್. ವಿ. ಶಾರದಾ ಅವರ ಅಭಿನಯದಲ್ಲಿ ಈ ಸೌಮ್ಯ ಧೈರ್ಯ ಸಹಜವಾಗಿ ಮೂಡಿದೆ.

ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ಶರಣರು ಅಲ್ಲಗಳೆದರೆಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಫಣಿಯಮ್ಮ ಅವುಗಳಲ್ಲಿ ಎರಡನ್ನು ಒಂದೇ ಹೆರಿಗೆಯಲ್ಲಿ ದಾಟಿದಳು. ಆಚರಣೆಯ ದೃಷ್ಟಿಯಿಂದ ನಮಗೆ ಹತ್ತಿರದವಳು ಅವಳೇ.

ಹಾಗಿದ್ದೂ ಚಿತ್ರವಾಗಿ 'ಘಟಶ್ರಾದ್ಧ'ವೇ ಮಿಗಿಲೆಂಬುದು ನನ್ನ ನಿರ್ಣಯ. ದೀರ್ಘ ಬಾಳಿನ ಪ್ರಸಂಗಗಳನ್ನು ಪೋಣಿಸುತ್ತ ಹೋಗುವ 'ಫಣಿಯಮ್ಮ' ಅಲ್ಲಲ್ಲಿ ಸಡಿಲವಾಗುತ್ತದೆ. 'ಘಟಶ್ರಾದ್ಧ'ವಾದರೋ ಒಂದೇ ಎಳೆಯನ್ನು ಹಿಡಿದು ಬಿಗಿಯಾಗಿ ಸಾಗುತ್ತದೆ. ಇದಕ್ಕಿಂತ ಮುಖ್ಯವಾದ ಕಾರಣವೊಂದುಂಟು. 'ಫಣಿಯಮ್ಮ'ದಲ್ಲಿ ಮಾಡಬೇಕಾದುದನ್ನು ಆ ಪುಣ್ಯಾತ್ಮಳೇ ಮಾಡಿ ಮುಗಿಸುತ್ತಾಳೆ. ನಾವು ಕೈಮುಗಿದು, ಸಮಾಧಾನದಿಂದ ಮನೆಗೆ ಮರಳುತ್ತೇವೆ. 'ಘಟಶ್ರಾದ್ಧ'ದಲ್ಲಿ ಯಮುನೆಯನ್ನು ಕಾಯುವ ಶಕ್ತಿಯುಳ್ಳವರು ಯಾರೂ ಇಲ್ಲ. ಆ ಭಾರವನ್ನು ನೋಡುಗನೇ ಹೊತ್ತು ಹೊರಡಬೇಕಾಗುತ್ತದೆ. ಜೀರ್ಣೋದ್ಧಾರಗೊಂಡ ಅದರ ಪ್ರತಿಯನ್ನು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿಸಲಾಯಿತು. ದೊರೆತಾಗ ತಪ್ಪದೆ ನೋಡಿರಿ.

ಇದು ಅನ್ಯರ ಮನೆಯ ಕಥೆಯೆಂದು ಮಾತ್ರ ಬಗೆಯದಿರಿ. ನಮ್ಮ ಮನೆಗಳ ಮದುವೆಯಲ್ಲಿ, ಅಕ್ಷತೆಯ ಹೊತ್ತಿಗೆ, ಗಂಡನನ್ನು ಕಳೆದುಕೊಂಡ ತಾಯಿ ತಾನಾಗಿಯೇ ಕಂಬದ ಮರೆಗೆ ಸರಿಯುವುದನ್ನು ನೀವು ಕಂಡಿಲ್ಲವೇ? ನಾನು ಕಂಡಿದ್ದೇನೆ; ಕಂಡೂ ಸುಮ್ಮನಿದ್ದೇನೆ. ನಾಣಿ ಬಾಲಕ, ಅವನಿಗೆ ಬಲವಿರಲಿಲ್ಲ. ನಮಗೆ ಆ ನೆಪವಿಲ್ಲ. ಮುಂದಿನ ಮದುವೆಯಲ್ಲಿ ಮೊದಲ ಅಕ್ಷತೆಯನ್ನು ಆ ತಾಯಿಯ ಕೈಗೆ ಕೊಡೋಣ. ಚಿತ್ರ ನೋಡಿದುದು ಅಂದು ಸಾರ್ಥಕವಾದೀತು.